ಬಾವಿ ಪಾಳಿ ಮತ್ತು ಅರವತ್ನಾಲ್ಕು ಜಿಬಿ

ಇದನ್ನ ಬರೀಬೇಕು ಅಂದ್ಕೊಂಡು ಎಷ್ಟು ವರ್ಷ ಆಯ್ತೋ ಲೆಕ್ಕ ಇಟ್ಟಿಲ್ಲ. ಬರೆಯೋಕೆ ಕೂತಾಗಲೆಲ್ಲ ಒಂದೇ ತೊಡಕು. ಇದು ಅರ್ಧ ಕಂಪ್ಯೂಟರ್ ಕಥೆ, ಇನ್ನರ್ಧ ನಮ್ಮನೆ ಕಥೆ. ಆಫೀಸಿನವರಿಗೆ ಹೇಳಿದ್ರೆ "ಮಧ್ಯೆ ಬಾವಿ ಯಾಕೆ ಬಂತು?" ಅಂತಾರೆ. ಊರವರಿಗೆ ಹೇಳಿದ್ರೆ "ಆ ಮಿಷನ್ ಗೊಡವಿ ನಮಗ್ಯಾಕಪಾ?" ಅಂತಾರೆ. ಎರಡೂ ಗೊತ್ತಿರೋರು ಯಾರಾದ್ರೂ ಓದಬಹುದು ಅನ್ನೋ ಧೈರ್ಯದ ಮೇಲೆ ಇವತ್ತು ಬರೀತಿದೀನಿ. ಸ್ವಲ್ಪ ಉದ್ದ ಆಗ್ಬಹುದು, ಸಹಿಸ್ಕೊಳ್ಳಿ.

ನಮ್ಮೂರು ಕನ್ನೊಳ್ಳಿ, ಸಿಂದಗಿ ತಾಲ್ಲೂಕು. ನಾನಿರೋದು ಬೆಂಗಳೂರಲ್ಲಿ. ಕೆಲಸ ಸಿಸ್ಟಮ್ ಅಡ್ಮಿನ್. ಹಂಗಂದ್ರೆ ಏನು ಅಂತ ಊರಲ್ಲಿ ಯಾರಾದ್ರೂ ಕೇಳಿದ್ರೆ ಅವ್ವ ನನಗಿಂತ ಚೆನ್ನಾಗಿ ಹೇಳ್ತಾಳೆ. "ಅಂವಾ ಬೆಂಗಳೂರಾಗ ಕಂಪ್ಯೂಟರ್ ಕಾಯ್ತಾನ." ಎಮ್ಮೆ ಕಾದ ಹಾಗೆ. ಯೋಚನೆ ಮಾಡಿದ್ರೆ ಅದರಲ್ಲಿ ತಪ್ಪೇನೂ ಇಲ್ಲ. ಹಗಲೂ ರಾತ್ರಿ ಅವು ಎಲ್ಲಿ ಹೋದ್ವು, ಏನು ತಿಂದ್ವು, ಯಾವುದು ಕುಂಟ್ತಾ ಇದೆ ಅಂತ ನೋಡೋದೇ ಕೆಲಸ.

ನಾನು ಕಾಯೋದ್ರಲ್ಲಿ ಹೆಚ್ಚಿನವು ನಿಜವಾದ ಕಂಪ್ಯೂಟರ್‌ಗಳೇ ಅಲ್ಲ. ವರ್ಚುವಲ್ ಮಷೀನ್ ಅಂತಾರೆ, ನಾವು ಸುಮ್ಮನೆ ವಿಎಂ ಅಂತೀವಿ. ಒಂದು ದೊಡ್ಡ ಸರ್ವರ್ ಇರುತ್ತೆ. ಅದರ ಮೇಲೆ ಹೈಪರ್‌ವೈಸರ್ ಅನ್ನೋ ತಂತ್ರಾಂಶ ಕೂತು, ಅದೊಂದರಲ್ಲೇ ಹತ್ತು ಹದಿನೈದು ಕಂಪ್ಯೂಟರ್ ಇರೋ ಹಾಗೆ ತೋರಿಸುತ್ತೆ. ಒಳಗಿರೋ ಪ್ರತಿ ವಿಎಂಗೂ ತಾನೇ ಪೂರ್ತಿ ಕಂಪ್ಯೂಟರ್ ಅನ್ನೋ ನಂಬಿಕೆ. "ನಿನಗೆ 4 ಜಿಬಿ ಮೆಮೊರಿ ಇದೆ" ಅಂತ ಹೇಳಿದ್ರೆ ಅದು ನಂಬುತ್ತೆ. ಪಕ್ಕದಲ್ಲಿ ಇನ್ನೊಂದು ಇದೆ ಅನ್ನೋದೇ ಅದಕ್ಕೆ ಗೊತ್ತಿರಲ್ಲ.

ಈಗ ನಿಜ ಹೇಳ್ತೀನಿ. 2012ರಲ್ಲಿ ನಾನು ಕಾಯ್ತಿದ್ದ ಒಂದು ಸರ್ವರಿನಲ್ಲಿ ಇದ್ದದ್ದು 64 ಜಿಬಿ ಮೆಮೊರಿ. ಅದರ ಮೇಲೆ 17 ವಿಎಂಗಳು. ಅವಕ್ಕೆಲ್ಲ ನಾನು ಕೊಟ್ಟ ಮಾತು ಕೂಡಿಸಿದ್ರೆ 92 ಜಿಬಿ!

ಮೋಸ ಅನ್ನಿಸ್ತಾ? ಇದು ದಂಧೆಯಲ್ಲಿ ಎಲ್ಲರೂ ಮಾಡೋದೇ, ಓವರ್‌ಕಮಿಟ್ ಅಂತ ಹೆಸರು. 4 ಜಿಬಿ ಕೇಳಿದವನು ದಿನಾ ಬಳಸೋದು ಒಂದೂವರೆ. 8 ಕೇಳಿದವನು ಬಳಸೋದು ಮೂರು. ಎಲ್ಲರಿಗೂ ಒಟ್ಟಿಗೆ ಬೇಕಾಗೋದು ಅಪರೂಪ. ಬ್ಯಾಂಕಿನಲ್ಲಿ ಠೇವಣಿ ಇಟ್ಟವರೆಲ್ಲ ಒಂದೇ ದಿನ ಬಂದು ದುಡ್ಡು ಕೇಳಲ್ಲ ಅನ್ನೋ ಭರವಸೆ ಇದೆಯಲ್ಲ, ಅದೇ. ನಮ್ಮ 17 ವಿಎಂಗಳು ಮಾಮೂಲಿ ದಿನ ಎಲ್ಲ ಸೇರಿ 45 ಜಿಬಿ ದಾಟ್ತಿರಲಿಲ್ಲ. ಅಷ್ಟಷ್ಟೇ ಅಂತ ಕಟ್ಟುನಿಟ್ಟಾಗಿ ಹಂಚಿದ್ರೆ 20 ಜಿಬಿ ಸುಮ್ಮನೆ ಕೊಳೀತಿತ್ತು, ಇನ್ನೊಂದು ಸರ್ವರ್ ಕೊಳ್ಳಬೇಕಾಗ್ತಿತ್ತು. ಹಾಗಾಗಿ ಯಾರಿಗೆ ಯಾವಾಗ ಬೇಕೋ ಅವರ ಕಡೆ ತಿರುಗಿಸೋದು.

ತಿರುಗಿಸೋದು ಅಂದ ಕೂಡಲೇ ನನಗೆ ಬಾವಿ ನೆನಪಾಗುತ್ತೆ. ಅದನ್ನ ಹೇಳದೆ ಮುಂದೆ ಹೋಗೋಕಾಗಲ್ಲ.

* * *

ನಮ್ಮ ಹೊಲದಲ್ಲಿ ಒಂದು ಬಾವಿ ಇತ್ತು. ಮುತ್ಯಾನ ಕಾಲದ್ದು. ಬಾವಿ ಒಂದು, ಮಕ್ಕಳು ಇಬ್ಬರು. ನಮ್ಮಪ್ಪ ಮತ್ತು ಕಾಕಾ. ಮುತ್ಯಾ ಇರೋವರೆಗೆ ಇಬ್ಬರೂ ಬೇರೆ ಬೇರೆ ತುಂಡು ನೋಡ್ಕೊಳ್ತಿದ್ರು, ಆದ್ರೆ ನೀರು ಮುತ್ಯಾನ ಕೈಲಿತ್ತು. ಬೆಳಗ್ಗೆ ಬೇವಿನ ಗಿಡದ ಕೆಳಗೆ ಕೂತು ಇಬ್ಬರನ್ನೂ ಕೇಳ್ತಿದ್ದ. "ನಿನ್ನ ಹೊಲದಾಗ ಯಾವುದು ಎರಡು ದಿನ ತಡೀತದ? ನೀನೇ ಹೇಳು."

ಗಮನಿಸಿ, "ನಿನಗೆಷ್ಟು ಬೇಕು" ಅಂತ ಕೇಳ್ತಿರಲಿಲ್ಲ. ಹಾಗೆ ಕೇಳಿದ್ರೆ ಯಾರಾದ್ರೂ ಕಡಿಮೆ ಹೇಳ್ತಾರಾ? ಯಾವುದು ತಡೀತದ ಅಂತ ಕೇಳ್ತಿದ್ದ. ಮುತ್ಯಾ ತಾನೇ ಹೊಲಕ್ಕೆ ಹೋಗಿ ಈ ಮಡಿಗೆ ಬೇಡ ಆ ಮಡಿಗೆ ಬೇಕು ಅಂತಲೂ ತೀರ್ಮಾನ ಮಾಡ್ತಿರಲಿಲ್ಲ. ಬೆಳೆ ಬೆಳೆದವನಿಗೇ ಅದು ಗೊತ್ತಿರೋದು ಅನ್ನೋದು ಅವನ ನಂಬಿಕೆ. ಅಪ್ಪ "ಜ್ವಾಳ ತಡೀತದ, ಉಳ್ಳಾಗಡ್ಡಿ ತಡ್ಯೂದಿಲ್ಲ" ಅಂದ್ರೆ, ಜೋಳದ ಪಾಲಿನ ನೀರು ಅವತ್ತು ಕಾಕಾನ ಲಿಂಬಿ ಗಿಡಕ್ಕೆ.

ಬಹಳ ವರ್ಷ ಆದಮೇಲೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಸೀನಿಯರ್ ಒಬ್ಬರು ಓದೋಕೆ ಅಂತ ಒಂದು ಪ್ರಬಂಧ ಕೊಟ್ಟರು. ವಿಎಂವೇರ್‌ನಲ್ಲಿದ್ದ ಕಾರ್ಲ್ ವಾಲ್ಡ್‌ಸ್ಪರ್ಗರ್ 2002ರಲ್ಲಿ ಬರೆದದ್ದು, ಇಎಸ್ಎಕ್ಸ್ ಸರ್ವರಿನಲ್ಲಿ ಮೆಮೊರಿ ಹಂಚೋ ಬಗೆ ಹೇಗೆ ಅಂತ. ಈ ಕ್ಷೇತ್ರದವರೆಲ್ಲ ಒಂದಲ್ಲ ಒಂದು ದಿನ ಓದೋ ಪ್ರಬಂಧ. ಅದರಲ್ಲಿ 'ಬಲೂನ್' ಅನ್ನೋ ಉಪಾಯ ಓದಿದಾಗ ನಾನು ಕೂತಲ್ಲೇ ನಕ್ಕುಬಿಟ್ಟೆ. ಇದು ನಮ್ಮ ಮುತ್ಯಾನ ಬೇವಿನ ಗಿಡ ಅಲ್ವಾ!

ಸಮಸ್ಯೆ ಏನಂದ್ರೆ, ಹೈಪರ್‌ವೈಸರಿಗೆ ಒಂದು ವಿಎಂನಿಂದ ಮೆಮೊರಿ ವಾಪಸ್ ಬೇಕು. ಆದ್ರೆ ಆ ವಿಎಂ ಒಳಗೆ ಯಾವ ಪುಟ ಮುಖ್ಯ, ಯಾವುದು ಸುಮ್ಮನೆ ಬಿದ್ದಿದೆ ಅಂತ ಹೊರಗಿನವನಿಗೆ ಗೊತ್ತಾಗಲ್ಲ. ಕಣ್ಣು ಮುಚ್ಚಿ ಸಿಕ್ಕ ಪುಟ ಕಿತ್ಕೊಂಡು ಡಿಸ್ಕಿಗೆ ಎಸೆದ್ರೆ, ಅದೇ ಪುಟ ಮುಂದಿನ ಕ್ಷಣ ಬೇಕಾಗಿ ಇಡೀ ಯಂತ್ರ ತೆವಳೋಕೆ ಶುರು ಮಾಡುತ್ತೆ. ಅದಕ್ಕೆ ವಿಎಂ ಒಳಗೇ ಒಂದು ಸಣ್ಣ ಡ್ರೈವರ್ ಕೂರಿಸ್ತಾರೆ. ಹೈಪರ್‌ವೈಸರ್ "ಒಂದು ಜಿಬಿ ಬೇಕು" ಅಂದಾಗ ಆ ಡ್ರೈವರ್ ಒಳಗಿನ ಆಪರೇಟಿಂಗ್ ಸಿಸ್ಟಮ್ಮಿಗೆ ಮಾಮೂಲಿ ಪ್ರೋಗ್ರಾಮಿನ ಹಾಗೆ "ನನಗೊಂದು ಜಿಬಿ ಕೊಡು" ಅಂತ ಕೇಳುತ್ತೆ. ಬಲೂನಿನ ಹಾಗೆ ಒಳಗೇ ಉಬ್ಬುತ್ತೆ. ಆಪರೇಟಿಂಗ್ ಸಿಸ್ಟಮ್ಮು ತನ್ನ ಲೆಕ್ಕ ತಾನೇ ನೋಡಿ, ಖಾಲಿ ಇದ್ದದ್ದನ್ನ ಮೊದಲು ಕೊಡುತ್ತೆ, ಆಮೇಲೆ ಹಳೇ ಕ್ಯಾಶ್, ಆಮೇಲೆ ಬಹಳ ದಿನದಿಂದ ಮುಟ್ಟದೇ ಇದ್ದದ್ದನ್ನ ಸ್ವಾಪಿಗೆ ಸರಿಸಿ ಜಾಗ ಮಾಡುತ್ತೆ. ಬಲೂನಿನ ಕೈಗೆ ಬಂದ ಪುಟಗಳನ್ನ ಹೈಪರ್‌ವೈಸರ್ ತಗೊಂಡು ಬೇರೆ ವಿಎಂಗೆ ಕೊಡುತ್ತೆ. ಒತ್ತಡ ಇಳಿದ ಮೇಲೆ ಬಲೂನಿನ ಗಾಳಿ ಬಿಡುತ್ತೆ, ಮೆಮೊರಿ ವಾಪಸ್.

ಯಾವುದು ತಡೀತದ, ನೀನೇ ಹೇಳು. ಅಷ್ಟೇ.

ಆ ಪ್ರಬಂಧದಲ್ಲಿ ಇನ್ನೊಂದು ಮಾತು ಇದೆ, ಐಡಲ್ ಮೆಮೊರಿ ಟ್ಯಾಕ್ಸ್. ಸುಮ್ಮನೆ ಇಟ್ಕೊಂಡ ಮೆಮೊರಿಗೆ ತೆರಿಗೆ. ಪ್ರತಿ ವಿಎಂಗೂ ಒಂದಿಷ್ಟು ಪಾಲು ಅಂತ ಇರುತ್ತೆ, ಹೆಚ್ಚು ದುಡ್ಡು ಕೊಟ್ಟವನಿಗೆ ಹೆಚ್ಚು ಪಾಲು. ಆದ್ರೆ ಪಾಲು ಜಾಸ್ತಿ ಇದೆ ಅಂತ ಬಳಸದೇ ಕಟ್ಟಿ ಇಟ್ಕೊಂಡು, ಪಕ್ಕದವನು ಒದ್ದಾಡೋದನ್ನ ನೋಡ್ತಾ ಕೂರೋದು ಸರಿಯಾ? ಅದಕ್ಕೆ ಹೈಪರ್‌ವೈಸರ್ 30 ಸೆಕೆಂಡಿಗೊಮ್ಮೆ ಪ್ರತಿ ವಿಎಂನಿಂದ 100 ಪುಟ ಆರಿಸ್ಕೊಂಡು, ಅವುಗಳಲ್ಲಿ ಎಷ್ಟನ್ನ ಮುಟ್ಟಿದಾರೆ ಅಂತ ನೋಡುತ್ತೆ. ಅದರ ಮೇಲೆ ಈ ವಿಎಂ ನಿಜವಾಗಿ ಬಳಸ್ತಿರೋದು ಎಷ್ಟು ಅಂತ ಅಂದಾಜು. ಬಳಸದೇ ಇಟ್ಕೊಂಡದ್ದರ ಮೇಲೆ ತೆರಿಗೆ, ಅದರ ದರ ಶೇ. 75! ಅಭಾವ ಬಂದಾಗ ಮೊದಲು ಅವನ ಬಲೂನ್ ಉಬ್ಬುತ್ತೆ. ಓದಿದಾಗ ಬಹಳ ನ್ಯಾಯವಾದದ್ದು ಅನ್ನಿಸಿತ್ತು. ಈಗಲೂ ಅನ್ನಿಸುತ್ತೆ. ಆದ್ರೆ ನ್ಯಾಯದ ಯಂತ್ರವನ್ನೂ ಕೆಡಿಸೋಕೆ ಬರುತ್ತೆ. ನಾನು ಕೆಡಿಸಿದೆ.

* * *

2012ರ ನವೆಂಬರ್ 11, ಭಾನುವಾರ. ಮಂಗಳವಾರದಿಂದ ದೀಪಾವಳಿ. ನಮ್ಮ ಸರ್ವರಿನಲ್ಲಿ ಎಲ್ಲಕ್ಕಿಂತ ದೊಡ್ಡ ವಿಎಂ ಆನ್‌ಲೈನಿನಲ್ಲಿ ಸಾಮಾನು ಮಾರೋ ಒಬ್ಬ ಗ್ರಾಹಕನದು. ಅವನಿಗೆ 24 ಜಿಬಿ. ಅದೂ ರಿಸರ್ವೇಶನ್ ಹಾಕಿ ಕೊಟ್ಟದ್ದು. ಅಂದ್ರೆ ಏನೇ ಆದ್ರೂ ಅವನ ಪಾಲಿನಿಂದ ಒಂದು ಪುಟವನ್ನೂ ವಾಪಸ್ ತಗೊಳಲ್ಲ ಅನ್ನೋ ಖಾತ್ರಿ. ತೆರಿಗೆಯೂ ಅದನ್ನ ಮುಟ್ಟಲ್ಲ.

ರಾತ್ರಿ ಹತ್ತು ಗಂಟೆಗೆ ಅವನ ಫೋನು. ಹಬ್ಬದ ಮಾರಾಟ ಶುರುವಾಗಿದೆ, ಸೈಟ್ ನಿಧಾನ, ನಿಮಗೆ ಕೆಲಸ ಮಾಡೋಕೆ ಬರುತ್ತಾ ಇಲ್ವಾ ಅಂತ. ಧ್ವನಿ ಬಹಳ ಜೋರಿತ್ತು. ನಾನು ಹೊಸಬ, ಕೆಲಸಕ್ಕೆ ಸೇರಿ ಎರಡು ವರ್ಷ. ನಿಧಾನ ಆಗಿರೋದು ಮೆಮೊರಿಯಿಂದಲಾ ಅಂತ ನೋಡೋ ವ್ಯವಧಾನವೂ ಇರಲಿಲ್ಲ. "ಇನ್ನೂ 8 ಜಿಬಿ ಕೊಡ್ತೀನಿ ಸರ್" ಅಂದುಬಿಟ್ಟೆ. 24 ಇದ್ದದ್ದನ್ನ 32 ಮಾಡಿ, ಪೂರ್ತಿ 32ಕ್ಕೂ ರಿಸರ್ವೇಶನ್ ಹಾಕಿ, ಒಂದು ಸಲ ರೀಸ್ಟಾರ್ಟ್ ಮಾಡಿದೆ. ಅವರ ಡೇಟಾಬೇಸ್ ಎದ್ದ ಕೂಡಲೇ ಕೊಟ್ಟಷ್ಟನ್ನೂ ಮುಟ್ಟಿ "ಇದು ನಂದು" ಅಂತ ಗುರುತು ಹಾಕ್ಕೊಳ್ತು. ಡೇಟಾಬೇಸುಗಳ ಸ್ವಭಾವವೇ ಹಾಗೆ. ಫೋನು ಸುಮ್ಮನಾಯ್ತು. ನಾನೂ ಮಲಗಿದೆ.

ಲೆಕ್ಕ ನೋಡಿ. 64ರಲ್ಲಿ ಹೈಪರ್‌ವೈಸರಿನ ಸ್ವಂತ ಖರ್ಚು 3 ತೆಗೆದ್ರೆ 61. ಅದರಲ್ಲಿ 32 ಒಬ್ಬನಿಗೇ ಹೋಯ್ತು. ಉಳಿದ 29ರಲ್ಲಿ 16 ವಿಎಂಗಳು, ಅವು ಮಾಮೂಲಿ ದಿನ ಬಳಸೋದೇ 33ರ ಹತ್ತಿರ. ರಾತ್ರಿ ಬ್ಯಾಕಪ್ ಬೇರೆ ಶುರುವಾಗುತ್ತೆ. ಹೈಪರ್‌ವೈಸರ್ ತನ್ನ ಧರ್ಮ ಪಾಲಿಸ್ತು. ಯಾರು ಸುಮ್ಮನಿದ್ದಾರೆ ಅಂತ ನೋಡಿತು. ರಾತ್ರಿ ಎರಡು ಗಂಟೆಗೆ ಸುಮ್ಮನಿದ್ದದ್ದು ಒಂದು ಸಣ್ಣ 4 ಜಿಬಿ ವಿಎಂ. ನಮ್ಮ ಜಿಲ್ಲೆಯದೇ ಒಂದು ಪತ್ತಿನ ಸಹಕಾರಿ ಸಂಘದ್ದು. ಸಂಜೆ ಆರಕ್ಕೆ ಬಾಗಿಲು ಹಾಕೋ ಸಂಘ ರಾತ್ರಿ ಎರಡಕ್ಕೆ ಸುಮ್ಮನಿರದೆ ಏನು ಮಾಡುತ್ತೆ? ಅದರ ಬಲೂನ್ ಉಬ್ಬುತ್ತಾ ಹೋಗಿ, ಬೆಳಗಿನ ಹೊತ್ತಿಗೆ ಒಳಗೆ ಉಳಿದದ್ದು ಹೆಚ್ಚುಕಡಿಮೆ ಒಂದೂವರೆ ಜಿಬಿ.

ಅಷ್ಟಕ್ಕೂ ಬದುಕಬಹುದಿತ್ತು. ಆದ್ರೆ ಆ ವಿಎಂ ಕಟ್ಟೋವಾಗ ಡಿಸ್ಕ್ ಉಳಿಸೋಕೆ ಅಂತ ನಾನು ಸ್ವಾಪ್ ಜಾಗವನ್ನೇ ಇಟ್ಟಿರಲಿಲ್ಲ. ಅಂದ್ರೆ ಬಲೂನ್ ಬಂದು ಜಾಗ ಮಾಡು ಅಂದ್ರೆ ಸರಿಸಿ ಇಡೋಕೆ ಅಟ್ಟವೇ ಇಲ್ಲದ ಮನೆ ಅದು. ಬೆಳಗ್ಗೆ ದಿನದ ಲೆಕ್ಕ ತೆರೆಯೋ ಪ್ರೋಗ್ರಾಮು ಎದ್ದು ಮೆಮೊರಿ ಕೇಳ್ತು. ಇಲ್ಲ. ಹೊರಗೆ ಅಭಾವ ಇನ್ನೂ ಮುಗಿದಿರಲಿಲ್ಲ, ಬಲೂನಿನ ಗಾಳಿ ಇಳಿದಿರಲಿಲ್ಲ. ಇಂಥ ಹೊತ್ತಿಗೆ ಅಂತಲೇ ಲಿನಕ್ಸಿನಲ್ಲಿ ಓಓಎಂ ಕಿಲ್ಲರ್ ಅಂತ ಒಂದಿದೆ. ಮೆಮೊರಿ ಪೂರ್ತಿ ಮುಗಿದಾಗ ಯಾವುದಾದ್ರೂ ಒಂದು ಪ್ರೋಗ್ರಾಮನ್ನ ಕೊಂದು ಉಳಿದವನ್ನ ಉಳಿಸೋದು ಅದರ ಕೆಲಸ. ಸಾಮಾನ್ಯವಾಗಿ ಹೆಚ್ಚು ಮೆಮೊರಿ ಹಿಡಿದವನೇ ಬಲಿ. ಅಲ್ಲಿ ಹೆಚ್ಚು ಹಿಡಿದದ್ದು ಸಂಘದ ಡೇಟಾಬೇಸ್.

ಸೋಮವಾರ ಹತ್ತೂವರೆಗೆ ಸಂಘದ ಮ್ಯಾನೇಜರ್ ಫೋನ್ ಮಾಡಿದ್ರು. ಇವರದ್ದು ಜೋರು ಧ್ವನಿ ಅಲ್ಲ.

"ಸರ್ರ, ಕಂಪ್ಯೂಟರ್ ಚಾಲೂನ ಆಗವಲ್ದರಿ. ಮಂದಿ ನಿಂತಾರ್ರಿ."

"ಎಷ್ಟು ಜನ ಇದಾರೆ ಸರ್?"

"ನಾಳಿ ಹಬ್ಬ ಅಲ್ರಿ? ಎಲ್ಲಾರೂ ಬಂದಾರ್ರಿ. ಒಂದಿಷ್ಟು ದೊಡ್ಡ ಮನಷ್ಯಾರು ಹಳ್ಳಿಯಿಂದ ಮುಂಜಾನಿ ಬಸ್ಸಿಗೆ ಬಂದು ಕುಂತಾರ್ರಿ."

ಲಾಗಿನ್ ಆಗಿ ನೋಡಿದೆ. ತಲೆ ಬುಡ ತಿಳೀಲಿಲ್ಲ. ಬಳಕೆಯಾದ ಮೆಮೊರಿ 3.9 ಜಿಬಿ ಅಂತ ತೋರಿಸ್ತಿದೆ, ಪ್ರೋಗ್ರಾಮುಗಳ ಪಟ್ಟಿ ಕೂಡಿಸಿದ್ರೆ ಒಂದು ಜಿಬಿಯೂ ಆಗ್ತಿಲ್ಲ. ಉಳಿದದ್ದನ್ನ ತಿಂದವರು ಯಾರು? ಬಲೂನ್ ಹಿಡಿದ ಮೆಮೊರಿ ಯಾವ ಪ್ರೋಗ್ರಾಮಿನ ಹೆಸರಿನಲ್ಲೂ ಕಾಣಲ್ಲ ಅನ್ನೋದು ಆಗ ನನಗೆ ಹೊಳೀಲೇ ಇಲ್ಲ. ವಿಎಂ ಒಳಗೇ ಹುಡುಕ್ತಾ ಎರಡು ಗಂಟೆ ಕಳೆದೆ. ಡೇಟಾಬೇಸ್ ಏಳಿಸೋದು, ಅದು ಸಾಯೋದು, ಮತ್ತೆ ಏಳಿಸೋದು. ಕೊನೆಗೆ ಹೊರಗೆ ಬಂದು ಹೈಪರ್‌ವೈಸರಿನ ಪರದೆ ನೋಡಿದಾಗ ಎಲ್ಲ ಅರ್ಥ ಆಯ್ತು. ದೊಡ್ಡ ವಿಎಂ, 32 ಜಿಬಿ ಹಿಡಿದದ್ದು, ಆ ಹೊತ್ತಿಗೆ ನಿಜವಾಗಿ ಬಳಸ್ತಿದ್ದದ್ದು 14. ರಾತ್ರಿಯಿಡೀ ಅದೇ ಗ್ರಾಫು. ಸೈಟ್ ನಿಧಾನ ಆಗಿದ್ದಕ್ಕೆ ಕಾರಣ ಮೆಮೊರಿ ಆಗಿರಲೇ ಇಲ್ಲ.

ರಿಸರ್ವೇಶನ್ ತೆಗೆದೆ. ಬಲೂನಿನ ಗಾಳಿ ಇಳೀತು. ಸಂಘ ಶುರುವಾದಾಗ ಒಂದು ಗಂಟೆ. ಮ್ಯಾನೇಜರ್ ಬೈಯಲಿಲ್ಲ. "ಇರಲಿ ಬಿಡ್ರಿ ಸರ್, ಈಗರೆ ಆತಲ್ಲ. ಮುಂಜಾನಿ ಬಂದವರೊಳಗ ಕೆಲವು ಮಂದಿ ಬಸ್ಸಿಗೆ ಹೊತ್ತಾತು ಅಂತ ಹೋಗ್ಯಾರ್ರಿ" ಅಂದ್ರು.

ಈ "ಇರಲಿ ಬಿಡ್ರಿ" ಅನ್ನೋದು ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ. ಯಾಕಂದ್ರೆ ಇದೇ ಮಾತನ್ನ ಹಿಂದೊಮ್ಮೆ ಕೇಳಿದ್ದೆ.

* * *

ಮುತ್ಯಾ 2000ದಲ್ಲಿ ತೀರಿಕೊಂಡ. ಹೊಲ ಪಾಲಾಯ್ತು. ಬಾವಿ ಪಾಲು ಮಾಡೋಕೆ ಬರಲ್ಲ, ಅದಕ್ಕೆ ಪಾಳಿ ಹಚ್ಚಿದ್ರು. ಎರಡು ದಿನ ಅಪ್ಪಂದು, ಎರಡು ದಿನ ಕಾಕಾಂದು. ಯಾರೂ ಯಾರನ್ನೂ ಕೇಳೋ ಹಾಗಿಲ್ಲ. ಜಗಳ ಬೇಡ ಅಂತಲೇ ಮಾಡಿದ್ದು.

2001ರಿಂದ ಸಾಲಾಗಿ ಮೂರು ವರ್ಷ ರಾಜ್ಯದಲ್ಲಿ ಬರ. 2003ರ ಬೇಸಿಗೆಯಲ್ಲಿ ನಮ್ಮ ಬಾವಿಗೆ ದಿನಕ್ಕೆ ಮೂರು ತಾಸು ಮೋಟಾರು ನಡೆಯೋಷ್ಟು ನೀರು ಊರಿದ್ರೆ ಹೆಚ್ಚು. ಅಪ್ಪನ ಹೊಲದಲ್ಲಿ ದನಕ್ಕೆ ಅಂತ ಹಾಕಿದ್ದ ಗೋವಿನಜೋಳ ಏಪ್ರಿಲ್‌ನಲ್ಲಿ ಕೊಯ್ದಾಗಿತ್ತು. ಹೊಲ ಬಯಲು. ಕಾಕಾನ ಕಡೆ ಐದು ವರ್ಷದ ಲಿಂಬಿ ಗಿಡಗಳು, ಆಗಷ್ಟೇ ಕಾಯಿ ಹಿಡಿಯೋಕೆ ಶುರು ಮಾಡಿದ್ದವು. ಎರಡು ದಿನದ ನೀರು ಅವಕ್ಕೆ ಸಾಲ್ತಿರಲಿಲ್ಲ.

ನನಗಾಗ 15 ವರ್ಷ. ಎಸ್ಸೆಸ್ಸೆಲ್ಸಿ ಬರೆದು ಮನೇಲಿದ್ದೆ. ಅಪ್ಪನ ಪಾಳಿ ದಿನ ಮೋಟಾರು ಚಾಲೂ ಮಾಡೋದು ನನ್ನ ಕೆಲಸ. ಬೆಳೆ ಇಲ್ಲದ ಹೊಲಕ್ಕೆ ನೀರು ಬಿಡೋದು. ಒಮ್ಮೆ ಕೇಳಿದೆ, "ಅಪ್ಪಾ, ಏನೂ ಇಲ್ಲಲ್ಲ ಹೊಲದಾಗ? ಕಾಕಾಗ ಬಿಡೋಣೇನು?" ಅಪ್ಪ ನನ್ನ ಮುಖ ನೋಡದೆ ಹೇಳಿದ. "ಪಾಳಿ ಒಮ್ಮೆ ಬಿಟ್ರ ಹಕ್ಕ ಹೋಗ್ತದ. ನೀ ಹೋಗಿ ಚಾಲೂ ಮಾಡು."

ಹೋಗಿ ಚಾಲೂ ಮಾಡಿದೆ. ಕರಿ ಮಣ್ಣು ಬಿರುಕು ಬಿಟ್ಟಿತ್ತು, ನೀರು ಆ ಬಿರುಕಿನಲ್ಲಿ ಇಳಿದು ಕಾಣೆಯಾಗ್ತಿತ್ತು. ಕಾಕಾ ಬದುವಿನ ಮೇಲೆ ನಿಂತು ನೋಡ್ತಿದ್ದ. ನಾನು ತಲೆ ತಗ್ಗಿಸಿದೆ. ಹತ್ತಿರ ಬಂದು ಬೆನ್ನ ಮೇಲೆ ಕೈ ಇಟ್ಟು "ಇರಲಿ ಬಿಡೋ ತಮ್ಮಾ" ಅಂದ. ಅಷ್ಟೇ ಅಂದದ್ದು.

ಆ ಮಳೆಗಾಲ ಬರೋದ್ರೊಳಗೆ ಗಿಡ ಒಣಗಿದ್ವು. ಕಾಕಾ, ಕಾಕು ಗೋವಾಕ್ಕೆ ದುಡಿಯೋಕೆ ಹೋದ್ರು, ಕಟ್ಟಡದ ಕೆಲಸಕ್ಕೆ. ನಮ್ಮ ಕಡೆಯಿಂದ ಎಷ್ಟೋ ಜನ ಹಾಗೆ ಹೋಗ್ತಾರೆ, ಅದರಲ್ಲಿ ಹೊಸತೇನಿಲ್ಲ. ಒಣಗಿದ ಗಿಡ ಕಡಿದು ಒಲೆಗೆ ಹಾಕಿದ್ರು. ನಮ್ಮನೇಲಿ ಆ ಮಾತು ಯಾರೂ ಎತ್ತಲಿಲ್ಲ.

ಈಗ ಬೆಂಗಳೂರಿನ ಎಸಿ ಕೋಣೆಯಲ್ಲಿ ಕೂತು 14 ಜಿಬಿ ಬಳಸ್ತಾ 32 ಹಿಡಿದವನ ಗ್ರಾಫ್ ನೋಡ್ತಿದ್ದಾಗ, ಬಿರುಕಿಗೆ ಇಳೀತಿದ್ದ ಆ ನೀರೇ ಕಣ್ಣ ಮುಂದೆ ಬಂತು. ಎರಡು ಸಲವೂ ಮೋಟಾರು ಚಾಲೂ ಮಾಡಿದವನು ನಾನೇ.

* * *

ಮಂಗಳವಾರ ರಾತ್ರಿ ಬಸ್ಸು ಹತ್ತಿ ಪಾಡ್ಯದ ದಿನ ಊರಿಗೆ ಹೋದೆ. ಅವ್ವ ಬಾಗಿಲ ಮುಂದೆ ಸಗಣಿಯ ಪಾಂಡವರನ್ನ ಇಟ್ಟು ಹೂ ಏರಿಸ್ತಿದ್ಲು. ಮಧ್ಯಾಹ್ನ ಊಟ ಆದಮೇಲೆ ಅಪ್ಪ, ನಾನು ಬಾವಿ ಕಡೆ ಹೋದ್ವಿ. ಅಲ್ಲಿ ಕೂತು ಸಂಘದ ಕಥೆ ಹೇಳಿದೆ. ಜಿಬಿ, ಬಲೂನು ಎಲ್ಲ ಬಿಟ್ಟು, ದೊಡ್ಡವನೊಬ್ಬ ಒದರಿದ, ಕೊಟ್ಟೆ, ಅವನಿಗದು ಬೇಕಾಗೇ ಇರಲಿಲ್ಲ, ಸಣ್ಣವನಿಗೆ ಇಲ್ಲದಂಗಾಯ್ತು ಅಂತ. ಕಾಕಾನ ಹೆಸರು ತೆಗೀಲಿಲ್ಲ.

ಅಪ್ಪ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ತಾನೇ ಶುರು ಮಾಡಿದ.

"ನನಗೇನು ನೀರು ಬೇಕಾಗಿತ್ತೇನೋ ತಮ್ಮಾ? ಅಂಜಿಕಿ. ಒಮ್ಮೆ ಬಿಟ್ಟಿದ್ರ, ಮುಂದ ನನಗ ಬೇಕಾದಾಗ ತಿರುಗಿ ಕೊಡ್ತಾನೋ ಇಲ್ಲೋ ಅಂತ. ಅಪ್ಪ ಇದ್ದಾಗ ಆ ಅಂಜಿಕಿ ಇರ್ಲಿಲ್ಲ. ಅಂವಾ ತಿರುಗಿ ಕೊಡಸ್ತಿದ್ದ."

ನಾನು ಓದಿದ ಯಾವ ಕೈಪಿಡಿಯಲ್ಲೂ ಇಷ್ಟು ಸ್ಪಷ್ಟವಾಗಿ ಬರೆದಿಲ್ಲ. ಆಫೀಸುಗಳಲ್ಲಿ 3 ಜಿಬಿ ಬಳಸೋನು 16 ಕೇಳೋದು ಯಾಕೆ? ದುರಾಸೆಯಿಂದ ಅಲ್ಲ, ಹೆಚ್ಚಿನ ಸಲ ಅಂಜಿಕೆಯಿಂದ. ಈಗ ಕಡಿಮೆ ತಗೊಂಡ್ರೆ ನಾಳೆ ಬೇಕಾದಾಗ ಸಿಗುತ್ತೋ ಇಲ್ವೋ ಅಂತ. ಮತ್ತೆ ನಾವು ಅಡ್ಮಿನ್‌ಗಳು ಹಾಗೆ ಅಂಜೋ ಹಾಗೇ ನಡ್ಕೊಂಡಿರ್ತೀವಿ. ಬಲೂನ್ ಉಬ್ಬಿಸೋಕೆ ಬರೋ ನಮಗೆ, ಅದರ ಗಾಳಿ ಬಿಟ್ಟಿದ್ದೀವಿ ಅಂತ ಯಾರಿಗೂ ತೋರಿಸೋಕೆ ಬರಲ್ಲ.

ವಾಪಸ್ ಬಂದ ಮೇಲೆ ಮೂರು ನಿಯಮ ಮಾಡ್ಕೊಂಡೆ. ಈಗಲೂ ಪಾಲಿಸ್ತೀನಿ.

ಒಂದು, ಪ್ರತಿ ವಿಎಂಗೂ, ಎಷ್ಟೇ ಸಣ್ಣದಿರಲಿ, ಜೀವ ಹಿಡ್ಕೊಳ್ಳೋಷ್ಟು ರಿಸರ್ವೇಶನ್. ಸಂಘದ 4 ಜಿಬಿಗೆ ಎರಡೂವರೆ ಜಿಬಿ ಯಾರೂ ಮುಟ್ಟೋ ಹಾಗಿಲ್ಲ. ದೊಡ್ಡವನಿಗೂ ಅಷ್ಟೇ, ಅವನ ನಿಜವಾದ ಬಳಕೆಯಷ್ಟು ಮಾತ್ರ, ಕೇಳಿದಷ್ಟಲ್ಲ. ಎಲ್ಲರ ರಿಸರ್ವೇಶನ್ ಕೂಡಿಸಿದ್ರೆ ಇರೋ ಮೆಮೊರಿಗಿಂತ ಕಡಿಮೆ ಇರಬೇಕು. ಅದರ ಮೇಲಿನದ್ದು ಮಾತ್ರ ತಿರುಗಾಡೋ ನೀರು.

ಎರಡು, ಬಲೂನ್ ಇರೋ ಪ್ರತಿ ವಿಎಂನಲ್ಲೂ ಸ್ವಾಪ್ ಇರಲೇಬೇಕು. ಅಟ್ಟ ಇಲ್ಲದ ಮನೆಯಲ್ಲಿ ಜಾಗ ಕೇಳಬಾರದು.

ಮೂರು, ಯಾರಾದ್ರೂ ಜೋರು ಧ್ವನಿಯಲ್ಲಿ ಮೆಮೊರಿ ಕೇಳಿದ್ರೆ ಮೊದಲು ಗ್ರಾಫ್ ನೋಡೋದು, ಆಮೇಲೆ ಉತ್ತರ ಕೊಡೋದು. ಫೋನ್ ಮಾಡದೇ ಇರೋರ ಗ್ರಾಫ್ ವಾರಕ್ಕೊಮ್ಮೆ ನಾನೇ ಹೋಗಿ ನೋಡೋದು.

ಆಮೇಲೆ ತಿಳೀತು, ನಾನೊಬ್ಬನೇ ಕಲಿತ ಪಾಠ ಅಲ್ಲ ಇದು. ಮೈಕ್ರೋಸಾಫ್ಟ್ 2011ರಲ್ಲಿ ಹೈಪರ್-ವಿಗೆ ಡೈನಾಮಿಕ್ ಮೆಮೊರಿ ತಂದಾಗಲೇ ಶುರುವಿಗೆ ಇಷ್ಟು, ಗರಿಷ್ಠ ಇಷ್ಟು ಅಂತ ಬೇರೆ ಬೇರೆ ಇಟ್ಟು, ಮೇಲೊಂದಿಷ್ಟು ಬಫರ್ ಅಂತ ಇಟ್ಟಿತ್ತು, ತಾನಾಗಿಯೇ ಶೇ. 20. ಲಿನಕ್ಸಿನಲ್ಲಿ ಒಂದಿಷ್ಟು ಪ್ರೋಗ್ರಾಮುಗಳ ಗುಂಪಿಗೆ ಇಷ್ಟೇ ಮೆಮೊರಿ ಅಂತ ಮಿತಿ ಹಾಕೋ ಕಂಟ್ರೋಲರ್ ಬಂದದ್ದು 2008ರ ಏಪ್ರಿಲ್‌ನ 2.6.25ರಲ್ಲಿ. ಅದನ್ನ ಬರೆದವರಲ್ಲಿ ಮುಖ್ಯರು ಐಬಿಎಂನ ಭಾರತದ ಲಿನಕ್ಸ್ ತಂಡದಲ್ಲಿದ್ದ ಬಲಬೀರ್ ಸಿಂಗ್. ಇವತ್ತು ಎಲ್ಲರೂ ಬಳಸೋ ಕಂಟೈನರ್‌ಗಳು ಮೆಮೊರಿ ಹಂಚ್ಕೊಳ್ಳೋದು ಅದೇ ದಾರಿಯಲ್ಲಿ. ಮೊದಲು ಬಂದದ್ದು ಮೇಲಿನ ಮಿತಿ. "ಇದಕ್ಕಿಂತ ಕೆಳಗೆ ಇಳಿಸಬೇಡ" ಅನ್ನೋ ಗಟ್ಟಿ ನೆಲ, ಮೆಮೊರಿ ಡಾಟ್ ಮಿನ್ ಅನ್ನೋದು, ಬಂದದ್ದು 2018ರಲ್ಲಿ. ಹತ್ತು ವರ್ಷ ಬೇಕಾಯ್ತು! ಮತ್ತೆ ಈಗಿನ ವರ್ಚಿಯೋ ಬಲೂನಿನಲ್ಲಿ ಒಂದು ಸೌಲಭ್ಯ ಇದೆ. ಒಳಗಿನವನು ಉಸಿರು ಕಟ್ಟಿ ಯಾರನ್ನೋ ಕೊಲ್ಲೋ ಸ್ಥಿತಿಗೆ ಬಂದ್ರೆ ಬಲೂನ್ ತಾನೇ ಗಾಳಿ ಬಿಡುತ್ತೆ. 2020ರಿಂದ ಇನ್ನೊಂದು, ಒಳಗಿನವನೇ "ಈ ಪುಟಗಳು ನನಗೆ ಬೇಡ, ಖಾಲಿ ಇವೆ" ಅಂತ ಕೇಳದೇ ಹೇಳೋದು. ಅದನ್ನ ಓದಿದ ದಿನ ಮುತ್ಯಾನ ನೆನಪಾಗಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

* * *

ಬಾವಿಯ ಕಥೆ ಮುಗಿಸಿಬಿಡ್ತೀನಿ. ಅದರಲ್ಲೀಗ ನೀರಿಲ್ಲ. ಕಾಕಾ ಗೋವಾದಿಂದ ದುಡ್ಡು ಕಳಿಸಿ ತನ್ನ ಹೊಲದಲ್ಲಿ ಬೋರ್ ಹಾಕಿಸಿದ. ಮರುವರ್ಷ ಅಪ್ಪ ಅದಕ್ಕಿಂತ ಆಳಕ್ಕೆ ಒಂದು ಹಾಕಿಸಿದ. ಈಗ ಪಾಳಿಯ ಗೊಡವೆ ಇಲ್ಲ, ಯಾರದು ಯಾರಿಗೋ. ಇಬ್ಬರಿಗೂ ಪೂರ್ತಿ ತಮ್ಮದೇ ನೀರು ಅನ್ನೋ ನಂಬಿಕೆ. ಪಕ್ಕದಲ್ಲಿ ಇನ್ನೊಂದು ಇದೆ ಅಂತ ಗೊತ್ತಿಲ್ಲದ ವಿಎಂಗಳ ಹಾಗೆ. ಕೆಳಗಿರೋ ನೆಲ ಮಾತ್ರ ಒಂದೇ, ಅದರಲ್ಲಿ ಇರೋದೂ ಅಷ್ಟೇ. ಒಂದು ಬೋರ್ ಎಳೆದ್ರೆ ಇನ್ನೊಂದರಲ್ಲಿ ನೀರು ಇಳಿಯುತ್ತೆ. ಅಲ್ಲಿ ಯಾರು ಎಷ್ಟು ಬಳಸ್ತಿದ್ದಾರೆ ಅಂತ ಅರ್ಧ ನಿಮಿಷಕ್ಕೊಮ್ಮೆ ನೋಡೋರು ಯಾರೂ ಇಲ್ಲ.

ಮೊನ್ನೆ ಊರಿಗೆ ಹೋದಾಗ ಕಾಕಾ ಬಂದಿದ್ದ. ವಯಸ್ಸಾಗಿದೆ, ಈಗ ದುಡಿಯೋಕೆ ಆಗಲ್ಲ. ಅಪ್ಪ, ಕಾಕಾ ಇಬ್ಬರೂ ಒಣಗಿದ ಬಾವಿಯ ಕಟ್ಟೆ ಮೇಲೆ ಕೂತು ಚಹಾ ಕುಡೀತಿದ್ರು. ಮಾತು ಹೆಚ್ಚೇನಿಲ್ಲ. ನಾನು ಹೋಗ್ತಿದ್ದಂಗೆ ಅಪ್ಪ ಕಾಕಾನ ಕಡೆ ನೋಡಿ ಕೇಳ್ತಿದ್ದ.

"ಈ ಬ್ಯಾಸಗಿಗೆ ನಿನ್ನ ಬೋರ್ ತಡೀತದೇನೋ? ಇಲ್ಲಂದ್ರ ಹೇಳು."

ಕಾಕಾ ಏನಂದ ಅಂತ ನನಗೆ ಕೇಳಿಸಲಿಲ್ಲ. ಕೇಳಿಸ್ಕೊಳ್ಳೋಕೆ ನಿಲ್ಲಲೂ ಇಲ್ಲ.

ನಿಮ್ಮ ಕೈಲಿ ಯಾವುದಾದ್ರೂ ಮೋಟಾರಿನ ಸ್ವಿಚ್ಚು ಇದ್ರೆ, ಸರ್ವರಿನದ್ದೇ ಆಗಲಿ ಮನೇದೇ ಆಗಲಿ, ಒಮ್ಮೆ ಸುಮ್ಮನೆ ನೋಡಿ ಬನ್ನಿ. ನೀರು ಬೆಳೆಗೆ ಹೋಗ್ತಿದೆಯಾ, ಬಿರುಕಿಗೆ ಹೋಗ್ತಿದೆಯಾ ಅಂತ.